ನಮ್ಮ ಹೊರೆ, ನೆರೆಯವರ ಹೊರೆ



ನಿಮ್ಮ ಮನೆಯ ಊಟದ ಮೇಜಿನ ಮೇಲೆ ಎಂದಾದರೊಂದು ದಿನ ಆರೋಗ್ಯ ವಿಮೆಯ ಅರ್ಜಿಯೊಂದು ಬಂದಿರಬಹುದು. ಹೆಸರು, ವಯಸ್ಸು, ವಿಳಾಸಗಳನ್ನು ತುಂಬುವುದು ಸುಲಭ. ಮುಂದಿನ ಪುಟಕ್ಕೆ ಬಂದಾಗ ಪ್ರಶ್ನೆಗಳ ಸಾಲೊಂದು ಎದುರಾಗುತ್ತದೆ. ಸಕ್ಕರೆ ಕಾಯಿಲೆ ಇದೆಯೇ? ರಕ್ತದೊತ್ತಡ ಇದೆಯೇ? ಈಚಿನ ವರ್ಷಗಳಲ್ಲಿ ಯಾವುದಾದರೂ ಕಾಯಿಲೆಗೆ ಚಿಕಿತ್ಸೆ ಪಡೆದಿದ್ದೀರಾ? ಪ್ರತಿಯೊಂದು ಪ್ರಶ್ನೆಯ ಮುಂದೆಯೂ ಎರಡು ಪುಟ್ಟ ಚೌಕಗಳು: ‘ಹೌದು’ ಮತ್ತು ‘ಇಲ್ಲ’. ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿದ್ದರೆ ಪೆನ್ನು ಸರಾಗವಾಗಿ ಓಡುತ್ತದೆ. ಇಲ್ಲವಾದರೆ ಅಲ್ಲಿ ಒಂದು ಕ್ಷಣ ನಿಲ್ಲುತ್ತದೆ. ಆ ಒಂದು ಕ್ಷಣದ ಕುರಿತು ನಿಮ್ಮೊಡನೆ ಮಾತನಾಡಬೇಕೆಂದು ಈ ಬರಹ.

2008ರಲ್ಲಿ ಬನಶಂಕರಿಯ ನಮ್ಮ ಮನೆಗೂ ಇಂಥದೊಂದು ಅರ್ಜಿ ಬಂದಿತ್ತು. ನನ್ನ ತಂದೆಗೆ ಆಗ 58 ವರ್ಷ. ಸಕ್ಕರೆ ಕಾಯಿಲೆ ಅವರ ಜೊತೆಗೂಡಿ ಎಂಟು ವರ್ಷಗಳಾಗಿದ್ದವು. ಅರ್ಜಿ ತಂದಿದ್ದ ಏಜೆಂಟರು ಕೆಟ್ಟವರೇನಲ್ಲ. ನಮ್ಮ ಹಿತವನ್ನೇ ಬಯಸಿ ಮಾತನಾಡಿದರು. “ಎಲ್ಲರೂ ಇಲ್ಲ ಎಂದೇ ಬರೆಯುತ್ತಾರೆ ಸಾರ್. ಹೌದು ಎಂದರೆ ಕಂತು ಹೆಚ್ಚಾಗುತ್ತದೆ. ಸಾಲದ್ದಕ್ಕೆ ಆ ಕಾಯಿಲೆಗೆ ನಾಲ್ಕು ವರ್ಷ ಏನೂ ಸಿಗುವುದಿಲ್ಲ” ಎಂದರು. ನಾನೂ ತಲೆಯಾಡಿಸಿದೆ. ತಂದೆ ಕನ್ನಡಕ ಹಾಕಿಕೊಂಡು, ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ‘ಹೌದು’ ಎಂಬ ಚೌಕದಲ್ಲಿ ಗುರುತು ಹಾಕಿದರು. ಕಾರಣ ಹೇಳಲಿಲ್ಲ.

ಎರಡು ವರ್ಷಗಳ ನಂತರ ಅವರ ಕಾಲಿನಲ್ಲಿ ಹುಣ್ಣಾಯಿತು. ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದರು. ಬಿಲ್ಲು 94,000 ರೂಪಾಯಿ. ಹುಣ್ಣು ಸಕ್ಕರೆ ಕಾಯಿಲೆಯ ನೇರ ಪರಿಣಾಮವಾದ್ದರಿಂದ ವಿಮಾ ಸಂಸ್ಥೆ ಹಣ ಕೊಡಲಿಲ್ಲ. ಪಾಲಿಸಿಯ ನಿಯಮದ ಪ್ರಕಾರ ಅದು ಸರಿಯಾಗಿಯೇ ಇತ್ತು. ತಾಯಿಯ ಎರಡು ಬಳೆಗಳನ್ನು ಅಡವಿಟ್ಟೆವು. ಅದೇ ದಿನಗಳಲ್ಲಿ, ‘ಇಲ್ಲ’ ಎಂದು ಬರೆದಿದ್ದ ಪರಿಚಯಸ್ಥರೊಬ್ಬರಿಗೆ ಪೂರ್ತಿ ಹಣ ಬಂದಿತೆಂದು ಕೇಳಿದಾಗ ನನಗೆ ಕೋಪ ಬಂದದ್ದು ಅವರ ಮೇಲಲ್ಲ, ನನ್ನ ತಂದೆಯ ಮೇಲೆ. ಮುಖವಿಲ್ಲದ ಒಂದು ಕಂಪನಿಗೆ ಸಣ್ಣದೊಂದು ಸುಳ್ಳು ಹೇಳಿದ್ದರೆ ಯಾರಿಗೆ ಏನು ನಷ್ಟವಾಗುತ್ತಿತ್ತು? ಈ ಪ್ರಶ್ನೆ ಬಹುಕಾಲ ನನ್ನನ್ನು ಬಿಡಲಿಲ್ಲ.

ಸಾಮಾನ್ಯ ಹುಂಡಿ

ಉತ್ತರ ಹುಡುಕಬೇಕಾದರೆ ವಿಮೆ ಎಂದರೇನು ಎಂಬಲ್ಲಿಂದ ತೊಡಗಬೇಕು. ವಿಮೆಯನ್ನು ನಾವು ಕಂಪನಿಯೊಡನೆ ಮಾಡಿಕೊಳ್ಳುವ ವ್ಯಾಪಾರವೆಂದು ಭಾವಿಸುತ್ತೇವೆ. ಅದು ವ್ಯಾಪಾರವೂ ಹೌದು. ಆದರೆ ಅದರ ಒಳಗಿರುವುದು ಒಂದು ಸಾಮಾನ್ಯ ಹುಂಡಿ. ಸಾವಿರ ಜನ ಸ್ವಲ್ಪ ಸ್ವಲ್ಪ ಹಾಕುತ್ತಾರೆ. ಆ ವರ್ಷ ಕಾಯಿಲೆ ಬಿದ್ದ ಕೆಲವರು ಅದರಿಂದ ಹೆಚ್ಚು ತೆಗೆದುಕೊಳ್ಳುತ್ತಾರೆ. ಉಳಿದವರು ಏನೂ ಪಡೆಯದೆ, ಆರೋಗ್ಯವಾಗಿದ್ದೇವೆಂಬ ಸಮಾಧಾನದೊಡನೆ ಮತ್ತೆ ಕಂತು ಕಟ್ಟುತ್ತಾರೆ.

ನಮ್ಮ ರಾಜ್ಯ ಇದನ್ನು ಕಣ್ಣಾರೆ ಕಂಡಿದೆ. 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯನ್ನು ನೆನಪಿಸಿಕೊಳ್ಳಿ. ಹೃದಯತಜ್ಞ ಡಾ. ದೇವಿ ಶೆಟ್ಟಿಯವರ ಚಿಂತನೆ ಮತ್ತು ರಾಜ್ಯದ ಸಹಕಾರ ಇಲಾಖೆಯ ಬೆಂಬಲದಿಂದ ಅದು ರೂಪುಗೊಂಡಿತು. ಸಹಕಾರ ಸಂಘಗಳ ಸದಸ್ಯರಾದ ರೈತರು ಮೊದಲಿಗೆ ಕಟ್ಟಿದ್ದು ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60. ಅಷ್ಟು ಚಿಕ್ಕ ಮೊತ್ತದಿಂದ ಹೃದಯದ ಶಸ್ತ್ರಚಿಕಿತ್ಸೆಯೂ ಸಾಧ್ಯವಾಯಿತು. ಹೇಗೆ? ಲಕ್ಷಾಂತರ ಮಂದಿ ಸೇರಿದ್ದರಿಂದ, ಸರ್ಕಾರ ತನ್ನ ಪಾಲು ಹಾಕಿದ್ದರಿಂದ ಮತ್ತು ಯೋಜನೆ ಮುಖ್ಯವಾಗಿ ಶಸ್ತ್ರಚಿಕಿತ್ಸೆಗಳಿಗೆ ಸೀಮಿತವಾಗಿದ್ದರಿಂದ. ಈ ಕೊನೆಯ ಮಾತನ್ನು ಗಮನಿಸಿ. ಎಲ್ಲವನ್ನೂ ಒಳಗೊಳ್ಳಲು ಹೊರಟಿದ್ದರೆ 5 ರೂಪಾಯಿ ಸಾಲುತ್ತಿರಲಿಲ್ಲ. ಆ ಯೋಜನೆ 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ವಿಲೀನವಾಗಿ, ಮುಂದೆ 2022–23ರಲ್ಲಿ ಮರಳಿ ಪ್ರತ್ಯೇಕ ಯೋಜನೆಯಾಗಿ ಜೀವ ಪಡೆಯಿತು.

ಹುಂಡಿಗೆ ಒಂದು ಗೋಡೆ ಬೇಕಾಗುತ್ತದೆ ಎಂಬುದು ಇದರ ತಾತ್ಪರ್ಯ. ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿಕೊಂಡೇ ಪಾಲಿಸಿ ಕೊಳ್ಳಬಹುದಾಗಿದ್ದರೆ, ಆರೋಗ್ಯವಾಗಿರುವಾಗ ಯಾರೂ ಕೊಳ್ಳುತ್ತಿರಲಿಲ್ಲ. ಕೊಳ್ಳುವವರೆಲ್ಲ ರೋಗಿಗಳೇ ಆದಾಗ ಕಂತು ಏರುತ್ತದೆ; ಕಂತು ಏರಿದಂತೆ ಆರೋಗ್ಯವಂತರು ಬಿಟ್ಟು ಹೋಗುತ್ತಾರೆ; ಅವರು ಹೋದಂತೆ ಕಂತು ಮತ್ತೂ ಏರುತ್ತದೆ. ಕೊನೆಗೆ ಹುಂಡಿಯೇ ಬರಿದಾಗುತ್ತದೆ. ಆದ್ದರಿಂದಲೇ ‘ಮೊದಲೇ ಇದ್ದ ಕಾಯಿಲೆ’ಗೆ ಕಾಯುವ ಅವಧಿ ಎಂಬ ನಿಯಮ ಹುಟ್ಟಿತು. ನನ್ನ ತಂದೆಯ ಕಾಲದಲ್ಲಿ ಅದು ನಾಲ್ಕು ವರ್ಷವಿತ್ತು. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ನಿಯಮಗಳ ಪ್ರಕಾರ ಅದು 36 ತಿಂಗಳನ್ನು ಮೀರುವಂತಿಲ್ಲ.

ಗೋಡೆ ಎಲ್ಲಿರಬೇಕು?

ಗೋಡೆ ಬೇಕು ಎಂದಾಕ್ಷಣ ಇರುವ ಗೋಡೆಯೆಲ್ಲ ನ್ಯಾಯವಾದದ್ದೆಂದು ಅರ್ಥವಲ್ಲ. ವಿಮೆ ಹೊರಗಿಡುವ ಸಂಗತಿಗಳ ಪಟ್ಟಿಯನ್ನು ನೀವು ಒಮ್ಮೆಯಾದರೂ ಓದಬೇಕು. ಹಿಂದೆ ಒಂದೊಂದು ಕಂಪನಿ ಒಂದೊಂದು ಭಾಷೆಯಲ್ಲಿ ಬರೆಯುತ್ತಿತ್ತು. 2019ರ ಸೆಪ್ಟೆಂಬರಿನಲ್ಲಿ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿ, ಇಂಥ 18 ಹೊರಗಿಡುವಿಕೆಗಳಿಗೆ ಒಂದೇ ರೀತಿಯ ಪದಗಳನ್ನೂ ಸಂಕೇತ ಸಂಖ್ಯೆಗಳನ್ನೂ ಗೊತ್ತುಪಡಿಸಿತು. ಅವುಗಳನ್ನು ಓದುತ್ತ ಹೋದರೆ ಎಲ್ಲವೂ ಒಂದೇ ಜಾತಿಯವಲ್ಲವೆಂದು ತಿಳಿಯುತ್ತದೆ.

ಕೆಲವು ಕಾಲಕ್ಕೆ ಸಂಬಂಧಿಸಿದವು. ಮೊದಲೇ ಇದ್ದ ಕಾಯಿಲೆಯ ಅವಧಿ, ಕೆಲವು ನಿರ್ದಿಷ್ಟ ಚಿಕಿತ್ಸೆಗಳಿಗೆ ಇರುವ ಕಾಯುವಿಕೆ, ಪಾಲಿಸಿಯ ಮೊದಲ 30 ದಿನಗಳು ಇಂಥವು. ಅಪಘಾತಕ್ಕೆ ಆ 30 ದಿನಗಳ ತಡೆ ಇಲ್ಲ, ಏಕೆಂದರೆ ಅಪಘಾತವನ್ನು ಮುಂದಾಗಿ ತಿಳಿದು ಯಾರೂ ಪಾಲಿಸಿ ಕೊಳ್ಳಲಾರರು. ಕೆಲವು ನಮ್ಮ ಆಯ್ಕೆಗೆ ಸಂಬಂಧಿಸಿದವು: ಸೌಂದರ್ಯಕ್ಕಾಗಿ ಮಾಡಿಸಿಕೊಳ್ಳುವ ಶಸ್ತ್ರಚಿಕಿತ್ಸೆ ಅಥವಾ 7.5 ಡಯಾಪ್ಟರ್‌ಗಿಂತ ಕಡಿಮೆ ಇರುವ ದೃಷ್ಟಿದೋಷದ ತಿದ್ದುಪಡಿ. ಕೆಲವು ಬೆಲೆಗೆ ಸಂಬಂಧಿಸಿದವು: ಹೆರಿಗೆ, ಬಂಜೆತನದ ಚಿಕಿತ್ಸೆ. ಇವನ್ನು ಸೇರಿಸಿಕೊಂಡರೆ ಕಂತು ಏರುತ್ತದೆ. ಹೆಚ್ಚು ಕೊಟ್ಟು ಸೇರಿಸಿಕೊಳ್ಳುವ ಪಾಲಿಸಿಗಳೂ ಉಂಟು.

ಮತ್ತೆ ಕೆಲವು, ನೇರವಾಗಿ ಹೇಳಬೇಕೆಂದರೆ, ಸಮಾಜದ ಸಂಕೋಚದಿಂದ ಹುಟ್ಟಿದವು. ಮಾನಸಿಕ ಕಾಯಿಲೆಗಳನ್ನು ವಿಮಾ ಪಾಲಿಸಿಗಳು ದೀರ್ಘಕಾಲ ಹೊರಗಿಟ್ಟಿದ್ದವು. ದಕ್ಷಿಣ ಬೆಂಗಳೂರಿನಲ್ಲಿರುವ ನಮಗೆ ನಿಮ್ಹಾನ್ಸ್ ಅಪರಿಚಿತವಲ್ಲ. ಜಯನಗರದಿಂದ, ಬಿಟಿಎಂ ಬಡಾವಣೆಯಿಂದ ಹೊಸೂರು ರಸ್ತೆಯ ಆ ಗೇಟಿಗೆ ಹೆಚ್ಚು ದೂರವಿಲ್ಲ. ಆದರೂ ಅಲ್ಲಿಗೆ ಹೋಗಿಬಂದದ್ದನ್ನು ಪಕ್ಕದ ಮನೆಯವರಿಗೂ ತಿಳಿಸದ ಕುಟುಂಬಗಳು ಎಷ್ಟಿಲ್ಲ! ನಾವು ಮರೆಮಾಚಿದ್ದನ್ನೇ ಪಾಲಿಸಿಯೂ ಹೊರಗಿಟ್ಟಿತ್ತು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, ದೇಹದ ಕಾಯಿಲೆಗೆ ಇರುವ ಆಧಾರದ ಮೇಲೆಯೇ ಮನಸ್ಸಿನ ಕಾಯಿಲೆಗೂ ವಿಮೆ ಒದಗಿಸಬೇಕೆಂದು ವಿಧಿಸಿತು. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದಿತು. ಇದರಿಂದ ನಾವು ಕಲಿಯಬೇಕಾದದ್ದಿದೆ. ಹೊರಗಿಡುವ ಪಟ್ಟಿ ಪ್ರಕೃತಿ ನಿಯಮವಲ್ಲ. ಅದನ್ನು ಮನುಷ್ಯರು ಬರೆದಿದ್ದಾರೆ, ಮನುಷ್ಯರು ತಿದ್ದಬಲ್ಲರು. ಮದ್ಯವ್ಯಸನದ ಚಿಕಿತ್ಸೆ ಆ 18ರ ಪಟ್ಟಿಯಲ್ಲಿ ಸೇರಿಕೊಂಡಿದೆ. ಅದು ಅಪರಾಧವೇ, ಕಾಯಿಲೆಯೇ? ಕುಡಿತದಿಂದ ನೊಂದ ಮನೆಯವರನ್ನು ಕೇಳಿದರೆ ಉತ್ತರ ಅಷ್ಟು ಸುಲಭವಾಗಿ ಬರಲಾರದು.

ಎರಡೂ ಕಡೆಯ ಪ್ರಾಮಾಣಿಕತೆ

ಈಗ ಆ ಚೌಕಕ್ಕೆ ಮರಳೋಣ. ವಿಮೆಯ ಒಪ್ಪಂದ ‘ಪರಮ ಸದ್ಭಾವನೆ’ಯ ಮೇಲೆ ನಿಂತಿದೆ ಎಂಬ ತತ್ತ್ವಕ್ಕೆ ಸ್ಪಷ್ಟ ರೂಪ ಕೊಟ್ಟದ್ದು 1766ರ ಒಂದು ಇಂಗ್ಲಿಷ್ ತೀರ್ಪು. ಸುಮಾತ್ರಾ ದ್ವೀಪದಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಸೇರಿದ ಕೋಟೆಯೊಂದಕ್ಕೆ ಅದರ ಅಧಿಕಾರಿ ವಿಮೆ ಮಾಡಿಸಿದ್ದ. ಫ್ರೆಂಚರು ಕೋಟೆಯನ್ನು ವಶಪಡಿಸಿಕೊಂಡರು. ಕೋಟೆ ದುರ್ಬಲವಾಗಿತ್ತೆಂಬುದನ್ನು ಮುಚ್ಚಿಟ್ಟಿದ್ದಾನೆಂದು ವಿಮೆ ಕೊಟ್ಟವನು ವಾದಿಸಿದ. ತನಗೆ ಮಾತ್ರ ಗೊತ್ತಿರುವುದನ್ನು ಮುಚ್ಚಿಟ್ಟು ಎದುರಿನವನನ್ನು ಒಪ್ಪಂದಕ್ಕೆ ಎಳೆಯುವುದು ಸದ್ಭಾವನೆಗೆ ವಿರುದ್ಧವೆಂದು ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಸಾರಿದರು. ಆದರೆ ಈ ಕರ್ತವ್ಯ ಇಬ್ಬರಿಗೂ ಅನ್ವಯಿಸುತ್ತದೆ ಎಂದೂ ಅವರು ಹೇಳಿದರು. ಗಮನಿಸಬೇಕಾದ ಸಂಗತಿಯೆಂದರೆ, ಆ ಮೊಕದ್ದಮೆಯಲ್ಲಿ ಗೆದ್ದವನು ವಿಮೆ ಮಾಡಿಸಿದವನು. ವಿಮೆ ಕೊಟ್ಟವನು ತಾನೇ ತಿಳಿಯಬಹುದಾಗಿದ್ದ ಸಂಗತಿಗಾಗಿ ಇನ್ನೊಬ್ಬನನ್ನು ದೂರುವಂತಿರಲಿಲ್ಲ.

ನಮ್ಮ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳು ಇದೇ ಎರಡು ಮುಖಗಳನ್ನು ತೋರಿಸುತ್ತವೆ. 2009ರ ಜುಲೈ ತಿಂಗಳ ತೀರ್ಪಿನಲ್ಲಿ, ಸಕ್ಕರೆ ಕಾಯಿಲೆಯನ್ನೂ ಮೂತ್ರಪಿಂಡದ ಕಾಯಿಲೆಯನ್ನೂ ಅರ್ಜಿಯಲ್ಲಿ ತಿಳಿಸದೆ ಪಾಲಿಸಿ ಪಡೆದಿದ್ದವರ ಕ್ಲೇಮನ್ನು ನಿರಾಕರಿಸಿದ್ದು ಸರಿಯೆಂದು ನ್ಯಾಯಾಲಯ ಎತ್ತಿಹಿಡಿಯಿತು. 2021ರ ಡಿಸೆಂಬರಿನ ಇನ್ನೊಂದು ತೀರ್ಪಿನಲ್ಲಿ ವಿಮೆ ಮಾಡಿಸಿದ್ದವರು ತಮ್ಮ ಸಕ್ಕರೆ ಕಾಯಿಲೆಯನ್ನು ತಿಳಿಸಿದ್ದರು. ಅಮೆರಿಕ ತಲುಪಿದಾಗ ಅವರಿಗೆ ಹೃದಯಾಘಾತವಾಯಿತು. ಕಂಪನಿ ಹಣ ಕೊಡಲು ಒಪ್ಪಲಿಲ್ಲ. ಆರೋಗ್ಯ ಸ್ಥಿತಿಯನ್ನು ತಿಳಿದೇ ಪಾಲಿಸಿ ಕೊಟ್ಟ ಮೇಲೆ ಅದೇ ಸ್ಥಿತಿಯನ್ನು ನೆಪ ಮಾಡಿಕೊಂಡು ನಿರಾಕರಿಸುವಂತಿಲ್ಲವೆಂದು ನ್ಯಾಯಾಲಯ ಹೇಳಿತು. ‘ಹೌದು’ ಎಂಬ ಒಂದು ಗುರುತು ಅವರ ಕೈಯಲ್ಲಿ ಸಾಕ್ಷ್ಯವಾಗಿತ್ತು.

“ಕಂಪನಿಗಳು ಸಣ್ಣ ಅಕ್ಷರಗಳಲ್ಲಿ ನಮ್ಮನ್ನು ಮೋಸಗೊಳಿಸುವುದಿಲ್ಲವೇ? ನಾವೇಕೆ ಸತ್ಯವಂತರಾಗಿರಬೇಕು?” ಎಂದು ನೀವು ಕೇಳಬಹುದು. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾರೆ. ಕಂಪನಿಗಳ ಬಗ್ಗೆ ಜನರ ದೂರು ಆಧಾರವಿಲ್ಲದ್ದಲ್ಲ. ಇಲ್ಲದಿದ್ದರೆ ನಿಯಮಗಳನ್ನು ಇಷ್ಟು ಬಿಗಿಗೊಳಿಸಬೇಕಾದ ಅಗತ್ಯವೇ ಬರುತ್ತಿರಲಿಲ್ಲ. 2024ರ ಮೇ ತಿಂಗಳ ಸುತ್ತೋಲೆಯಂತೆ, ನಗದುರಹಿತ ಚಿಕಿತ್ಸೆಯ ಕೋರಿಕೆಯನ್ನು ಒಂದು ಗಂಟೆಯೊಳಗೆ ತೀರ್ಮಾನಿಸಬೇಕು. ಬಿಡುಗಡೆಯ ಕೋರಿಕೆ ಬಂದ ಮೂರು ಗಂಟೆಯೊಳಗೆ ಅಂತಿಮ ಒಪ್ಪಿಗೆ ಕೊಡಬೇಕು. ಕ್ಲೇಮನ್ನು ನಿರಾಕರಿಸುವ ಮೊದಲು ಪರಿಶೀಲನಾ ಸಮಿತಿಯ ಒಪ್ಪಿಗೆ ಪಡೆದು, ಪಾಲಿಸಿಯ ಯಾವ ಷರತ್ತಿನಂತೆ ನಿರಾಕರಿಸಲಾಗಿದೆ ಎಂಬುದನ್ನು ತಿಳಿಸಬೇಕು. 60 ತಿಂಗಳು ಸತತವಾಗಿ ಕಂತು ಕಟ್ಟಿದ ಮೇಲೆ, ಮಾಹಿತಿ ಮುಚ್ಚಿಟ್ಟಿರೆಂಬ ಕಾರಣಕ್ಕೆ ಕ್ಲೇಮನ್ನು ಪ್ರಶ್ನಿಸುವಂತಿಲ್ಲ. ವಂಚನೆ ಸಾಬೀತಾದರೆ ಮಾತ್ರ ಪ್ರಶ್ನಿಸಬಹುದು.

ಈ ಕೊನೆಯ ನಿಯಮವನ್ನು ಕೇಳಿದೊಡನೆ, “ಹಾಗಾದರೆ ಐದು ವರ್ಷ ಮುಚ್ಚಿಟ್ಟರೆ ಸಾಕಲ್ಲವೇ?” ಎಂಬ ಆಲೋಚನೆ ಸುಳಿಯುತ್ತದೆ. ನನಗೂ ಸುಳಿಯಿತು. ನಿಯಮ ಇರುವುದು ಮರೆವಿನಿಂದ, ಅಜ್ಞಾನದಿಂದ ಏನನ್ನೋ ಬಿಟ್ಟವರನ್ನು ಕಾಯಲು. ಎಣಿಸಿ ಎಣಿಸಿ ಸುಳ್ಳು ಹೇಳುವವರಿಗೆ ಅದು ಆಶ್ರಯವಲ್ಲ. ಇನ್ನೊಬ್ಬರ ತಪ್ಪು ನಮ್ಮ ತಪ್ಪಿಗೆ ಪರವಾನಗಿಯೂ ಆಗಲಾರದು. ನಮ್ಮ ಸುಳ್ಳಿನ ಬೆಲೆಯನ್ನು ಕೊನೆಗೆ ತೆರುವವರು ಮೋಸ ಮಾಡಿದ ಕಂಪನಿಯವರಲ್ಲ. ಮುಂದಿನ ವರ್ಷ ಏರಿದ ಕಂತನ್ನು ಕಟ್ಟಲಾರದೆ ಪಾಲಿಸಿ ಬಿಡುವ, ನಮ್ಮಂಥದೇ ಇನ್ನೊಂದು ಮನೆಯವರು.

ಎರಡು ಪಾಲಿಸಿ, ಒಂದು ಗಾಯ

ಇನ್ನೊಂದು ಸಂದರ್ಭವನ್ನು ನೋಡೋಣ. ಜೆ.ಪಿ. ನಗರದಲ್ಲಿ ಮಗನ ಜೊತೆ ವಾಸವಾಗಿರುವ ವೃದ್ಧರೊಬ್ಬರನ್ನು ಊಹಿಸಿಕೊಳ್ಳಿ. ಮಗನ ಕಚೇರಿಯ ಗುಂಪು ವಿಮೆಯಲ್ಲಿ ಅವರಿಗೆ 3 ಲಕ್ಷ ರೂಪಾಯಿಯ ರಕ್ಷಣೆಯಿದೆ. ಅವರೇ ವರ್ಷಗಳಿಂದ ಕಟ್ಟಿಕೊಂಡು ಬಂದ 5 ಲಕ್ಷದ ಸ್ವಂತ ಪಾಲಿಸಿಯೂ ಇದೆ. ಆಸ್ಪತ್ರೆಯ ಬಿಲ್ಲು 6 ಲಕ್ಷ. ಅದರಲ್ಲಿ ಎರಡೂ ಪಾಲಿಸಿಗಳು ಒಪ್ಪದ ಸಾಮಗ್ರಿಗಳಿಗೆ 40,000 ಕಳೆದರೆ ಉಳಿದದ್ದು 5,60,000. ಏನು ಮಾಡಬೇಕು?

ಹಿಂದೆ ಪಾಲಿಸಿಗಳ ಮೊತ್ತದ ಅನುಪಾತದಲ್ಲಿ ಕಂಪನಿಗಳು ಖರ್ಚನ್ನು ಹಂಚಿಕೊಳ್ಳುವ ಪದ್ಧತಿಯಿತ್ತು. ರೋಗಿಯ ಮನೆಯವರು ಎರಡು ಕಚೇರಿಗಳ ನಡುವೆ ಅಲೆಯಬೇಕಾಗುತ್ತಿತ್ತು. ಈಗ ಯಾವ ಪಾಲಿಸಿಯನ್ನು ಮೊದಲು ಬಳಸಬೇಕೆಂಬ ಆಯ್ಕೆ ನಿಮ್ಮದೇ. 2024ರ ಸುತ್ತೋಲೆಯಂತೆ ನೀವು ಆರಿಸಿದ ಕಂಪನಿಯೇ ಪ್ರಧಾನ ವಿಮಾದಾರ. ಅದರ ಮೊತ್ತ ಸಾಲದಿದ್ದರೆ ಉಳಿದ ಪಾಲಿಸಿಗಳ ವಿವರ ಪಡೆದು, ಬಾಕಿಯನ್ನು ಇತ್ಯರ್ಥಗೊಳಿಸಲು ಅದೇ ಇತರ ಕಂಪನಿಗಳೊಡನೆ ಸಮನ್ವಯ ಮಾಡಬೇಕು. ನಮ್ಮ ಉದಾಹರಣೆಯಲ್ಲಿ ಮೊದಲ ಪಾಲಿಸಿಯಿಂದ 3,00,000, ಎರಡನೆಯದರಿಂದ ಅದರ ಷರತ್ತುಗಳಿಗೆ ಒಳಪಟ್ಟು 2,60,000. ಆದರೂ ಬಿಲ್ಲುಗಳ ಪ್ರತಿಗಳನ್ನೂ ಮೊದಲ ಕಂಪನಿ ಕೊಡುವ ಇತ್ಯರ್ಥ ಪತ್ರವನ್ನೂ ಜೋಪಾನವಾಗಿ ಇಟ್ಟುಕೊಳ್ಳುವುದು ಜಾಣತನ.

ಇಲ್ಲಿಯೂ ಒಂದು ಪ್ರಲೋಭನೆಯಿದೆ. ಎರಡೂ ಕಡೆ ಕಂತು ಕಟ್ಟಿದ್ದೇವಲ್ಲ, ಎರಡೂ ಕಡೆ ಪೂರ್ತಿ ಬಿಲ್ಲಿನ ಹಣ ಪಡೆದರೆ ತಪ್ಪೇನು? ಆಸ್ಪತ್ರೆಯ ಖರ್ಚನ್ನು ತುಂಬಿಕೊಡುವ ವಿಮೆಯ ಉದ್ದೇಶ ನಷ್ಟವನ್ನು ಸರಿದೂಗಿಸುವುದು, ಲಾಭ ಕೊಡುವುದಲ್ಲ. ಆದದ್ದು ಒಂದೇ ಗಾಯ. ಮುಲಾಮು ಎರಡು ಡಬ್ಬಿಗಳಿಂದ ಬರಬಹುದು, ಆದರೆ ಗಾಯಕ್ಕಿಂತ ಹೆಚ್ಚಾಗಬಾರದು. ಇಂತಿಷ್ಟು ಹಣವೆಂದು ಮೊದಲೇ ನಿಗದಿಪಡಿಸಿ, ನಿರ್ದಿಷ್ಟ ಗಂಭೀರ ಕಾಯಿಲೆ ಬಂದರೆ ಅಥವಾ ಆಸ್ಪತ್ರೆಯಲ್ಲಿದ್ದ ದಿನಗಳ ಲೆಕ್ಕದಲ್ಲಿ ಕೊಡುವ ಪಾಲಿಸಿಗಳ ಮಾತು ಬೇರೆ. ಅವು ಬಿಲ್ಲನ್ನು ಅವಲಂಬಿಸಿಲ್ಲ; ಎಷ್ಟಿದ್ದರೂ ಎಲ್ಲದರಿಂದಲೂ ಪಡೆಯುವುದು ನ್ಯಾಯವಾದದ್ದೇ.

ಆಸ್ಪತ್ರೆಯ ಕೌಂಟರಿನಲ್ಲಿ ಕೇಳುವ ಮೊದಲ ಪ್ರಶ್ನೆಯನ್ನೂ ಇಲ್ಲಿ ನೆನೆಯೋಣ: “ವಿಮೆ ಇದೆಯೇ?” ಇದೆ ಎಂದೊಡನೆ ನಮ್ಮ ನಾಲಗೆಯೂ ಬದಲಾಗುತ್ತದೆ. ಇಬ್ಬರು ಇರುವ ಕೋಣೆ ಸಾಕು ಎನ್ನುತ್ತಿದ್ದವರು ಒಬ್ಬರ ಕೋಣೆ ಕೇಳುತ್ತೇವೆ. “ಹೇಗಿದ್ದರೂ ಕಂಪನಿ ಕೊಡುತ್ತದೆ” ಎನ್ನುತ್ತೇವೆ. ಹಲವು ಪಾಲಿಸಿಗಳಲ್ಲಿ ಕೋಣೆಯ ಬಾಡಿಗೆಗೆ ಮಿತಿಯುಂಟು. ದಿನಕ್ಕೆ 3,000 ಮಿತಿಯಿರುವಾಗ 6,000ದ ಕೋಣೆ ಹಿಡಿದರೆ, ಔಷಧಿ, ಅಳವಡಿಸುವ ಉಪಕರಣಗಳು, ರೋಗಪರೀಕ್ಷೆಗಳನ್ನು ಬಿಟ್ಟು, ಕೋಣೆಯ ದರ್ಜೆಯೊಂದಿಗೆ ಏರುವ ವೈದ್ಯರ ಶುಲ್ಕದಂಥ ಖರ್ಚುಗಳೂ ಅರ್ಧಕ್ಕಿಳಿಯಬಹುದು. ನಾವು ಕಂಪನಿಯ ಹಣವೆಂದು ಭಾವಿಸಿದ್ದು ನಮ್ಮ ಜೇಬಿಗೇ ಮರಳಿ ಬಂದಿರುತ್ತದೆ. ಮರಳದಿದ್ದರೆ ಹುಂಡಿಯ ಇತರರ ಜೇಬಿಗೆ ಹೋಗಿರುತ್ತದೆ.

ಹುಂಡಿಯ ಹೊರಗಿರುವವರು

ಇಷ್ಟು ಹೊತ್ತು ಮಾತನಾಡಿದ್ದು ಹುಂಡಿಯೊಳಗೆ ಇರುವವರ ಬಗ್ಗೆ. ಹೊರಗೇ ಉಳಿದವರ ಮಾತೇನು? ಕಂತು ಕಟ್ಟಲಾರದವರು, ಕಂಪನಿ ಒಪ್ಪದವರು, ಕಾಯುವ ಅವಧಿ ಮುಗಿಯುವ ಮೊದಲೇ ಕಾಯಿಲೆ ಬಿದ್ದವರು. 2010ರಲ್ಲಿ ನನ್ನ ತಂದೆಯೂ ಅವರಲ್ಲೊಬ್ಬರಾಗಿದ್ದರು.

ಸಂತ ಪೌಲರು ಗಲಾತ್ಯರಿಗೆ ಬರೆದ ಪತ್ರದ ಆರನೆಯ ಅಧ್ಯಾಯದಲ್ಲಿ, ಒಬ್ಬರ ಭಾರವನ್ನೊಬ್ಬರು ಹೊರುವ ವಿಷಯವನ್ನು ಹೇಳಿ, ಕೆಲವೇ ವಾಕ್ಯಗಳ ನಂತರ ಪ್ರತಿಯೊಬ್ಬನೂ ತನ್ನ ಹೊರೆಯನ್ನು ತಾನೇ ಹೊರುವ ವಿಷಯವನ್ನೂ ಹೇಳುತ್ತಾರೆ. ಮೇಲ್ನೋಟಕ್ಕೆ ವಿರುದ್ಧವೆನಿಸುತ್ತದೆ. ಆದರೆ ಮೂಲ ಗ್ರೀಕಿನಲ್ಲಿ ಅವು ಎರಡು ಬೇರೆ ಬೇರೆ ಪದಗಳು: ಮೊದಲನೆಯದು ಮನುಷ್ಯನನ್ನು ಜಗ್ಗಿಸುವ ಭಾರ, ಎರಡನೆಯದು ಪ್ರತಿಯೊಬ್ಬ ಪಯಣಿಗನೂ ಹೊರುವ ತನ್ನ ಪಾಲಿನ ಗಂಟು. ಯಾವುದು ಯಾವುದೆಂದು ತಿಳಿಯುವುದೇ ನಮ್ಮ ಪ್ರಶ್ನೆಯ ತಿರುಳು. ನನ್ನ ಕನ್ನಡಕದ ಖರ್ಚು ನನ್ನ ಗಂಟು. ನೆರೆಯವರ ಮನೆಯ ಡಯಾಲಿಸಿಸ್ ಒಬ್ಬರೇ ಹೊರಬಹುದಾದ ಗಂಟಲ್ಲ.

ವಿಮಾ ಕಂಪನಿ ತನ್ನ ಗೋಡೆ ಕಟ್ಟಿಕೊಂಡದ್ದಕ್ಕೆ ಕಾರಣವಿರಬಹುದು. ಸಮಾಜಕ್ಕೆ ಆ ಕಾರಣ ಸಾಲದು. ಕಂಪನಿ ‘ಇದು ನಮ್ಮ ಪಟ್ಟಿಯಲ್ಲಿಲ್ಲ’ ಎಂದ ಕಡೆ ಬೇರೆ ಯಾರಾದರೂ ಕೈಚಾಚಬೇಕು. ಅದಕ್ಕೆಂದೇ ಸರ್ಕಾರದ ಹುಂಡಿ ಇದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆ ಲಭ್ಯ. ಇತರ ಕುಟುಂಬಗಳಿಗೆ ನಿಗದಿತ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ತಿಂಗಳಿಗೆ 21,000 ರೂಪಾಯಿವರೆಗೆ ವೇತನ ಪಡೆಯುವ, ಕಾಯ್ದೆಯ ವ್ಯಾಪ್ತಿಗೆ ಬರುವ ಸಂಸ್ಥೆಗಳ ನೌಕರರಿಗೆ ಇಎಸ್ಐ ಇದೆ. ನೌಕರರ ಪಾಲು ವೇತನದ ಶೇ. 0.75. ನಮ್ಮ ಭಾಗದಲ್ಲಿಯೇ ಜಯನಗರದ ಸಾರ್ವಜನಿಕ ಆಸ್ಪತ್ರೆ, ಜಯದೇವ ಹೃದ್ರೋಗ ಸಂಸ್ಥೆ, ಸಂಜಯ ಗಾಂಧಿ ಅಪಘಾತ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆ, ಸ್ವಲ್ಪ ಆಚೆಗೆ ಕಿದ್ವಾಯಿ ಇವೆ. ಮಧ್ಯಮ ವರ್ಗದವರಾದ ನಾವು ಈ ಕಟ್ಟಡಗಳ ಮುಂದೆ ಹಾದುಹೋಗುತ್ತೇವೆ; ಅವು ನಮ್ಮವೂ ಹೌದೆಂಬುದನ್ನು ಮರೆಯುತ್ತೇವೆ.

ನಿಮ್ಮ ಮನೆಯ ಪಾತ್ರೆ ತೊಳೆಯುವ ಹೆಂಗಸಿಗೆ, ಕಾರು ಓಡಿಸುವವರಿಗೆ, ಅಪಾರ್ಟ್‌ಮೆಂಟಿನ ಕಾವಲುಗಾರರಿಗೆ ಇವುಗಳಲ್ಲಿ ಯಾವುದು ಅನ್ವಯಿಸುತ್ತದೆಂದು ಎಂದಾದರೂ ಕೇಳಿದ್ದೀರಾ? ಅವರ ಪಡಿತರ ಚೀಟಿ, ಆಧಾರ್ ಸರಿಯಿದೆಯೇ ಎಂದು ಕಾಯಿಲೆ ಬರುವ ಮೊದಲೇ ನೋಡಲು ಒಂದು ಸಂಜೆ ಸಾಕು. ರಾತ್ರಿ ಎರಡು ಗಂಟೆಗೆ ಆಸ್ಪತ್ರೆಯ ಬಾಗಿಲಲ್ಲಿ ನಿಂತಾಗ ಆ ಸಂಜೆಯ ಬೆಲೆ ತಿಳಿಯುತ್ತದೆ. ನಮ್ಮ ಧರ್ಮಕೇಂದ್ರಗಳಲ್ಲಿ ಬ್ಯಾಂಕು, ವಿಮೆ, ಆಸ್ಪತ್ರೆಗಳಲ್ಲಿ ಕೆಲಸ ಮಾಡಿ ನಿವೃತ್ತರಾದವರು ಎಷ್ಟೋ ಮಂದಿ ಇದ್ದಾರೆ. ತಿಂಗಳಿಗೊಮ್ಮೆ ಭಾನುವಾರದ ಪೂಜೆಯ ನಂತರ ಒಂದು ಮೇಜು ಹಾಕಿ ಕುಳಿತು, ಅರ್ಜಿ ತುಂಬಲಾರದವರಿಗೆ ತುಂಬಿಕೊಟ್ಟರೆ, ಪಾಲಿಸಿ ಅರ್ಥವಾಗದವರಿಗೆ ಓದಿ ಹೇಳಿದರೆ, ಅದೂ ಒಂದು ಸೇವೆಯೇ.

ಕೆಲವು ಉಪಯುಕ್ತ ಮಾತುಗಳು

ಪಾಲಿಸಿ ಬಂದ ದಿನ ಅದನ್ನು ಬೀರುವಿನಲ್ಲಿಡುವ ಮೊದಲು ‘ಗ್ರಾಹಕ ಮಾಹಿತಿ ಪತ್ರ’ವನ್ನು ಓದಿ. ಹೊರಗಿಟ್ಟಿರುವುದೇನು, ಕಾಯುವ ಅವಧಿ ಎಷ್ಟು, ಕೋಣೆಯ ಮಿತಿ ಎಷ್ಟು ಎಂಬುದು ಅದರಲ್ಲಿರುತ್ತದೆ. ಕನ್ನಡದಲ್ಲಿ ಬೇಕೆಂದು ಕೇಳುವ ಹಕ್ಕು ನಿಮಗಿದೆ, ಕೇಳಿ. ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಪಾಲಿಸಿಯನ್ನು ಹಿಂತಿರುಗಿಸಬಹುದು. ಕಚೇರಿಯ ಗುಂಪು ವಿಮೆ ಕೆಲಸದೊಡನೆ ಮುಗಿಯುತ್ತದೆ ಎಂಬುದನ್ನು ಮರೆಯದಿರಿ. ಕೆಲಸ ಬಿಡುವ ಮೊದಲೇ ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾವಣೆ ಕೇಳಿ.

ನಿಮ್ಮ ಕ್ಲೇಮನ್ನು ಅನ್ಯಾಯವಾಗಿ ನಿರಾಕರಿಸಿದರೆ ಸುಮ್ಮನಾಗಬೇಡಿ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ನಮ್ಮ ರಾಜ್ಯದ ಆ ಕಚೇರಿ ನಮ್ಮ ನೆರೆಯಲ್ಲೇ ಇದೆ: ಜೆ.ಪಿ. ನಗರ ಒಂದನೆಯ ಹಂತದ ಜೀವನ್ ಸೌಧದಲ್ಲಿ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. 50 ಲಕ್ಷ ರೂಪಾಯಿವರೆಗಿನ ವಿಷಯಗಳಲ್ಲಿ ಅಲ್ಲಿಯ ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ. ಸತ್ಯ ಹೇಳುವುದು ಎಷ್ಟು ಕರ್ತವ್ಯವೋ, ಸತ್ಯ ಹೇಳಿದ ಮೇಲೆ ನಮ್ಮ ಹಕ್ಕನ್ನು ಕೇಳಿ ಪಡೆಯುವುದೂ ಅಷ್ಟೇ ಕರ್ತವ್ಯ. ಹಾಗೆ ಕೇಳಿದಾಗಲೇ ಮುಂದಿನವರಿಗೂ ದಾರಿಯಾಗುತ್ತದೆ.

ತಂದೆಯ ಮಾತು

2013ರಲ್ಲಿ, ನಾಲ್ಕು ವರ್ಷಗಳ ಅವಧಿ ಕಳೆದ ಮೇಲೆ, ನನ್ನ ತಂದೆ ಮತ್ತೆ ಆಸ್ಪತ್ರೆಗೆ ಸೇರಿದರು. ಈ ಬಾರಿ ವಿಮಾ ಸಂಸ್ಥೆ ಹೆಚ್ಚಿನ ಪ್ರಶ್ನೆ ಕೇಳದೆ ಹಣ ಕೊಟ್ಟಿತು. ಇದನ್ನು ಪ್ರಾಮಾಣಿಕತೆಗೆ ದೊರೆತ ಬಹುಮಾನವೆಂದು ನಾನು ನಿಮ್ಮ ಮುಂದಿಡುವುದಿಲ್ಲ. ಮೂರನೆಯ ವರ್ಷವೇ ಅವರಿಗೆ ಆ ಕಾಯಿಲೆ ಬಂದಿದ್ದರೆ ಒಂದು ಪೈಸೆಯೂ ಸಿಗುತ್ತಿರಲಿಲ್ಲ. ಆಗಲೂ ಅವರು ಹಾಕಿದ ಗುರುತು ಸರಿಯಾದದ್ದೇ ಆಗಿರುತ್ತಿತ್ತು. ಸತ್ಯ ಲಾಭ ತರುತ್ತದೆಂದು ಅದನ್ನು ಹೇಳುವುದಾದರೆ, ಲಾಭ ನಿಂತ ದಿನ ಸತ್ಯವೂ ನಿಲ್ಲುತ್ತದೆ.

ಆ ದಿನ ಆಸ್ಪತ್ರೆಯ ಕೋಣೆಯಲ್ಲಿ ನಾನು ಕೊನೆಗೂ ಕೇಳಿದೆ: “ಅಂದು ಏಕೆ ಹೌದು ಎಂದು ಬರೆದಿರಿ?” ಅವರು ದೊಡ್ಡ ಮಾತೇನನ್ನೂ ಆಡಲಿಲ್ಲ. “ಆಸ್ಪತ್ರೆಗೆ ಬಂದರೆ ಡಾಕ್ಟರು ಎಷ್ಟು ವರ್ಷದಿಂದ ಸಕ್ಕರೆ ಇದೆ ಎಂದು ಕೇಳುತ್ತಾರೆ. ಅವರಿಗೆ ನಿಜ ಹೇಳಲೇಬೇಕು. ಕಂಪನಿಗೊಂದು, ಡಾಕ್ಟರಿಗೊಂದು ಎಂದು ಎರಡು ಲೆಕ್ಕ ಇಟ್ಟುಕೊಳ್ಳುವುದು ನನ್ನ ಕೈಲಿ ಆಗುವುದಿಲ್ಲಪ್ಪ” ಎಂದರು.

ಆಗ ನನಗೆ ಹೊಳೆಯಿತು. ಅರ್ಜಿಯಲ್ಲಿ ಮುಚ್ಚಿಟ್ಟವನು ಅಲ್ಲಿಗೇ ನಿಲ್ಲಲಾರ. “ಈಗಷ್ಟೇ ಕಂಡುಬಂದದ್ದು ಎಂದು ಬರೆಯಿರಿ” ಎಂದು ವೈದ್ಯರನ್ನು ಬೇಡಬೇಕಾಗುತ್ತದೆ. ಹಳೆಯ ಚೀಟಿಗಳನ್ನು ಅಡಗಿಸಬೇಕಾಗುತ್ತದೆ. ತನ್ನ ಪ್ರಾಣ ಉಳಿಸಬಲ್ಲ ಸತ್ಯವನ್ನು ಪ್ರಾಣ ಉಳಿಸಬೇಕಾದವರಿಂದಲೇ ಮರೆಮಾಡಬೇಕಾಗುತ್ತದೆ. ಮುಖವಿಲ್ಲದ ಕಂಪನಿಗೆ ಹೇಳಿದ ಸುಳ್ಳು ಹೀಗೆ ಒಂದೊಂದೇ ಮುಖದ ಮುಂದೆ ಬಂದು ನಿಲ್ಲುತ್ತದೆ.

ತಂದೆ ಈಗಿಲ್ಲ. ಅಡವಿಟ್ಟ ಬಳೆಗಳನ್ನು ಬಿಡಿಸಿಕೊಳ್ಳಲು ನಮಗೆ ಒಂದೂವರೆ ವರ್ಷ ಬೇಕಾಯಿತು. ತಾಯಿ ಅವನ್ನು ಈಗಲೂ ಹಾಕಿಕೊಳ್ಳುತ್ತಾರೆ. ಮುಂದಿನ ಬಾರಿ ನಿಮ್ಮ ಮೇಜಿನ ಮೇಲೆ ಅಂಥದೊಂದು ಅರ್ಜಿ ಬಂದಾಗ, ಪೆನ್ನು ಆ ಚೌಕಗಳ ಮುಂದೆ ನಿಂತಾಗ, ಆತುರಪಡಬೇಡಿ. ಹುಂಡಿಯ ಇನ್ನೊಂದು ತುದಿಯಲ್ಲಿ ಕಂತು ಕಟ್ಟುತ್ತಿರುವ, ನೀವು ಎಂದೂ ಕಾಣದ ಮನೆಯೊಂದನ್ನು ನೆನೆದುಕೊಳ್ಳಿ. ಹುಂಡಿಯ ಹೊರಗೇ ನಿಂತಿರುವ, ನೀವು ದಿನವೂ ಕಾಣುವ ಮನೆಯೊಂದನ್ನೂ ನೆನೆದುಕೊಳ್ಳಿ. ಆಮೇಲೆ ಗುರುತು ಹಾಕಿ.